ಅವ್ವ ಅನ್ನಿಸಿಕೊಳ್ಳದ ವೈನಿ

ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ನನಗೆ ಆಗುವುದಿಲ್ಲ. ಕೆಟ್ಟ ವಾಸನೆ ಅಂತಲ್ಲ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲದ ಜೊತೆ ಅದು ಕೂಡಿತೆಂದರೆ ಓಣಿಯವರೆಲ್ಲ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ವಿಚಾರಿಸಲು ಶುರು ಮಾಡುತ್ತಾರೆ. ಆದರೂ ಇಷ್ಟು ವರ್ಷ ನಾನು ಅಂಟಿನುಂಡಿ ಕಟ್ಟುವ ಗೋಜಿಗೇ ಹೋಗಿರಲಿಲ್ಲ. ಯಾರಿಗಾದರೂ ಕೊಡಬೇಕಾದರೆ ಅಂಗಡಿಯದನ್ನು ತಂದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಮಗಳು ಚೊಚ್ಚಲ ಹೆರಿಗೆಗೆ ಕೊಲ್ಹಾಪುರದ ನಮ್ಮ ಮನೆಗೆ ಬಂದಿದ್ದಾಳೆ. ಇಪ್ಪತ್ತೆಂಟು ವಯಸ್ಸಿನವಳು, ಓದಿದವಳು, ಡಾಕ್ಟರಿಗೇ ತಿರುಗಿ ಪ್ರಶ್ನೆ ಕೇಳುವಷ್ಟು ಧೈರ್ಯದವಳು. "ಅಂಗಡೀದು ಬ್ಯಾಡ ಅವ್ವಾ, ನೀನ ಮಾಡು" ಎಂದು ಹಟ ಹಿಡಿದಳು. ಕಡಾಯಿಯಲ್ಲಿ ಅಂಟು ಚಟಪಟ ಅರಳತೊಡಗಿತು. ವೈನಿ ನೆನಪಾದಳು...

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ನಮ್ಮ ತವರು ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಮನೆಮಾತು ಕನ್ನಡ. ಮನೆಯ ಮುಂದುಗಡೆ ಅಪ್ಪನ ಮಗ್ಗಗಳು, ಹಿಂದುಗಡೆ ನಾವು. ಹಗಲೂ ರಾತ್ರಿ ಖಟಖಟ ಸದ್ದು. ನಮ್ಮ ಮನೆಯವರೆಲ್ಲ ಇವತ್ತಿಗೂ ಜೋರಾಗಿ ಮಾತಾಡುವುದಕ್ಕೆ ಅದೇ ಕಾರಣ. ಅಣ್ಣ ಹತ್ತನೇ ಇಯತ್ತೆಯಲ್ಲಿ ಫೇಲಾಗಿ, ತಾಲೀಮಿಗೆ ಹೋಗಿ ಕುಸ್ತಿ ಆಡುತ್ತ, ಮೈಗೆ ಎಣ್ಣೆ ಹಚ್ಚಿಕೊಂಡು ತಿರುಗುತ್ತಿದ್ದ. ಹತ್ತೊಂಬತ್ತು ಆಗುತ್ತಲೇ, ಕಾಲಿಗೆ ಹಗ್ಗ ಬಿದ್ದರೆ ಹುಡುಗ ಹದಕ್ಕೆ ಬರುತ್ತಾನೆ ಎಂದು ಅಪ್ಪ ಮದುವೆ ಮಾಡಿಬಿಟ್ಟರು. ಹುಡುಗಿ ಹತ್ತಿರದ ಸುಳಕೂಡ ಹಳ್ಳಿಯವಳು. ತಾಯಿ ಇಲ್ಲದವಳು, ತಂದೆಗೆ ಅವಳನ್ನು ಎಲ್ಲಿಯಾದರೂ ಸೇರಿಸಿದರೆ ಸಾಕಾಗಿತ್ತು. ವಯಸ್ಸು ಹದಿನೆಂಟು ಎಂದು ಹೇಳಿದ್ದರು. ಹದಿನಾರು ಕೂಡ ತುಂಬಿರಲಿಲ್ಲ. ಅದು ಎರಡೂ ಮನೆಯವರಿಗೆ ಗೊತ್ತಿತ್ತು, ಮದುವೆಯಲ್ಲಿ ಉಂಡು ಹೋದವರಿಗೂ ಗೊತ್ತಿತ್ತು.

ನನಗೆ ಆಗ ಹದಿನೈದು. ನನಗಿಂತ ಕೆಲವೇ ತಿಂಗಳಿಗೆ ದೊಡ್ಡವಳಾದ ಅವಳು ನನ್ನನ್ನು "ಅಕ್ಕಾರ" ಎನ್ನಬೇಕಿತ್ತು, ಗಂಡನ ತಂಗಿ ಎಂಬ ಕಾರಣಕ್ಕೆ. ನಾನು ಅವಳನ್ನು ವೈನಿ ಎನ್ನಬೇಕಿತ್ತು. ಹಿರಿಯರು ಮಲಗಿದಾಗ ಇಬ್ಬರೂ ಹಿತ್ತಲಲ್ಲಿ ಗಜ್ಜುಗ ಆಡುತ್ತಿದ್ದೆವು. ಆಟದಲ್ಲಿ ಅವಳ ಕೈ ಭಾರೀ ಚುರುಕು, ನಾನು ಒಂದು ದಿನವೂ ಗೆಲ್ಲಲಿಲ್ಲ. ಬಸುರಿಯಾದಾಗ ಒಂದು ಮಧ್ಯಾಹ್ನ ನನ್ನ ಶಾಲೆಯ ನೀಲಿ ಸ್ಕರ್ಟು ತೊಟ್ಟು ನೋಡುತ್ತೇನೆ ಎಂದಳು. ಹೊಟ್ಟೆಯ ಹತ್ತಿರ ಹುಕ್ಕು ಕೂಡಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಗಂಡು ಮಗು ಹುಟ್ಟಿತು. ತವರಿನಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಅವ್ವ ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಸಿದಳು. ವೈನಿ ಅದರಲ್ಲಿ ಅರ್ಧ ಮುರಿದು, ಯಾರೂ ನೋಡದಂತೆ ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಹೆರಿಗೆ ಭಾಳ ಕಷ್ಟದ್ದಾಗಿತ್ತು, ಎಳೆ ಮೈ. ಇನ್ನೊಮ್ಮೆ ಬಸಿರು ನಿಲ್ಲುವುದು ಕಷ್ಟ ಎಂದು ಡಾಕ್ಟರು ಅವ್ವನಿಗೆ ಹೇಳಿದ್ದರಂತೆ. ಅವರ ಮಾತು ಸುಳ್ಳಾಗಲಿಲ್ಲ. ಹಡೆದದ್ದು ಆ ಒಂದೇ ಮಗು.

ನಮ್ಮ ಮನೆಗಳಲ್ಲಿ ಆಗ ಒಂದು ರೀತಿ ಇತ್ತು. ಹಿರಿಯರ ಮುಂದೆ ತಮ್ಮ ಮಗುವನ್ನು ತಾವೇ ಎತ್ತಿ ಮುದ್ದಾಡುವುದು ನಾಚಿಕೆಗೇಡು. ಗಂಡಸರಂತೂ ಮುಟ್ಟುವ ಹಾಗೇ ಇಲ್ಲ. ಅಪ್ಪ ಹೊರಗೆ ಹೋದಾಗ ಅಣ್ಣ ಕಳ್ಳನಂತೆ ಒಳಗೆ ಬಂದು ಮಗನನ್ನು ಎತ್ತಿಕೊಳ್ಳುತ್ತಿದ್ದ. ಒಮ್ಮೆ ಅಪ್ಪ ಅರ್ಧ ದಾರಿಯಿಂದಲೇ ತಿರುಗಿ ಬಂದಾಗ, ಬಿಸಿ ಪಾತ್ರೆ ಹಿಡಿದವನಂತೆ ಮಗುವನ್ನು ನನ್ನ ಕೈಗೆ ಹಾಕಿ ಮಗ್ಗದ ಕಡೆ ಓಡಿದ. ತಾಲೀಮು ಬಿಟ್ಟುಹೋಗಿತ್ತು, ರಾತ್ರಿಪಾಳಿಯ ಮಗ್ಗ ಅವನ ಪಾಲಿಗೆ ಬಂದಿತ್ತು. ಇಪ್ಪತ್ತೊಂದು ತುಂಬುವುದರೊಳಗೆ ಅವನು ನಗುವುದು ಕಡಿಮೆಯಾಯಿತು. ವೈನಿಗೂ ಅದೇ ಕಟ್ಟು. ಹಾಲೂಡಿಸುವಾಗ ಒಳಕೋಣೆಯಲ್ಲಿ ಮಗು ಅವಳದು, ಹೊಸ್ತಿಲು ದಾಟಿದರೆ ಅತ್ತೆಯದು, ಅತ್ತೆಯ ಕೈಗೆ ಬಿಡುವಿಲ್ಲದಿದ್ದರೆ ನನ್ನದು.

ಒಂದು ಮಧ್ಯಾಹ್ನ ಅವ್ವ ಸಂತೆಗೆ ಹೋಗಿದ್ದಳು. ಮಗು ಜೋಲಿಯಲ್ಲಿ ಮಲಗಿತ್ತು. ನಾನೇ ಒತ್ತಾಯ ಮಾಡಿ ವೈನಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ, ಗಜ್ಜುಗ ಆಡಲು. ಮಗ್ಗದ ಸದ್ದಿನಲ್ಲಿ ಅಳು ನಮಗೆ ಕೇಳಲಿಲ್ಲ. ಅವ್ವ ಬಂದು ನೋಡಿದರೆ ಮಗು ಒದ್ದೆಯಲ್ಲಿ ಅತ್ತು ಅತ್ತು ದನಿ ಕುಂದಿ, ಬರೀ ಬಿಕ್ಕುತ್ತಿತ್ತು. ಅವ್ವ ಕೈ ಎತ್ತಲಿಲ್ಲ. "ನೀ ತಾಯಿ ಆಗೀಯೋ, ನೀನೂ ಒಂದ ಕೂಸ ಅದಿಯೋ?" ಎಂದಳು, ಅಷ್ಟೇ. ವೈನಿ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ನಾನು ಕರೆದೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪುಸ್ತಕ ಹಿಡಿದು ಕೂತುಬಿಟ್ಟೆ. ಓದುವ ಹುಡುಗಿಗೆ ಆ ಮನೆಯಲ್ಲಿ ಎಲ್ಲ ಮಾಫ಼ಿ ಇತ್ತು. ಅವತ್ತಿನಿಂದ ಮಗು ಅವ್ವನ ಮಗ್ಗುಲಲ್ಲಿ ಮಲಗಿತು.

ಮಗು ಮಾತು ಕಲಿಯಿತು. ನಾನು ಅವ್ವನನ್ನು ಅವ್ವಾ ಎಂದು ಕೂಗುತ್ತಿದ್ದೆ, ಅಣ್ಣನೂ ಹಾಗೇ ಕೂಗುತ್ತಿದ್ದ, ಮಗುವೂ ಅವಳಿಗೇ ಅವ್ವಾ ಎನ್ನಲು ಕಲಿತ. ಮನೆಯಲ್ಲಿ ವೈನಿಯ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದಿನಕ್ಕೆ ಹತ್ತು ಸಲ ನಾನು ಕೂಗುವ "ವೈನೀ, ಚಹಾ" ಎಂಬುದೇ ಅವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಬಟ್ಟಲು ಎತ್ತಿ ಹಿಡಿದು, "ವೈನೀ, ಹಾಲು" ಎಂದ. ಮನೆಯೆಲ್ಲ ನಗು. ಅಪ್ಪ ಕೂಡ ಮಗ್ಗ ನಿಲ್ಲಿಸಿ ಬಂದು ಕೇಳಿ ನಕ್ಕರು. ವೈನಿಯೂ ನಕ್ಕಳು. ಆಮೇಲೆ ನನಗೆ ಅದೇ ಒಂದು ಆಟವಾಯಿತು. ಮನೆಗೆ ಬಂದವರ ಮುಂದೆಲ್ಲ ಅವನನ್ನು ನಿಲ್ಲಿಸಿ, "ಹಾಲು ಯಾರ್ ಕೊಡ್ತಾರ?" ಎಂದು ಕೇಳುವುದು, ಅವನು "ವೈನಿ" ಎಂದರೆ ಕೈಗೊಂದು ಬೆಲ್ಲದ ಚೂರು ಇಡುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಬೆಕ್ಕು ನಾನು. ಬೆಲ್ಲ ಕೊಟ್ಟು ಕೊಟ್ಟು ಆ ಮಾತನ್ನು ಅವನ ನಾಲಿಗೆಗೆ ಅಂಟಿಸಿದವಳೂ ನಾನು.

ನನ್ನ ಮದುವೆ ಗಡಹಿಂಗ್ಲಜಕ್ಕೆ ಗೊತ್ತಾದಾಗ ಹುಡುಗನಿಗೆ ಆರು ವರ್ಷ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವೈನಿ ನನ್ನನ್ನು ತಡೆದು ನಿಲ್ಲಿಸಿದಳು.

"ಅಕ್ಕಾರ, ಹೋಗೂಕಿಂತ ಮೊದ್ಲ ಒಂದ್ ಕೆಲಸ ಮಾಡ್ರಿ. ಅವಂಗ ನನ್ನ ಅವ್ವಾ ಅನ್ನಾಕ ಕಲಿಸ್ರಿ. ನೀವ್ ಹೇಳಿದ್ರ ಕೇಳ್ತಾನ್ರಿ."

"ನೀವ ಹೇಳ್ರಲ್ಲ ವೈನಿ."

"ಅತ್ತ್ಯಾರ ಮುಂದ ನಾ ಹೆಂಗ ಹೇಳ್ಲಿ? ನಾಚಿಕಿ ಬರ್ತೈತ್ರಿ."

"ದೊಡ್ಡಾಂವ ಆದಂದ್ರ ತಾನ ಅಂತಾನ ತಗೋರಿ" ಎಂದೆ. ಹೌದ್ರಿ ಎಂದು ಅವಳು ಬಟ್ಟೆ ಹಿಂಡತೊಡಗಿದಳು.

ಬೇರೆಯವರಿಗೆ ಹೇಳಬೇಕಾದರೆ, ಅವ್ವನ ಮನಸ್ಸು ನೋಯಬಾರದೆಂದು ಹಾಗೆ ಅಂದೆ ಎನ್ನಬಹುದು. ಅದು ನಿಜವಲ್ಲ. ಆ ಹುಡುಗ ಎಲ್ಲರಿಗಿಂತ ಮೊದಲು ನನ್ನ ಕಡೆಗೆ ಓಡಿ ಬರುತ್ತಿದ್ದ. ನನ್ನ ಮಗ್ಗುಲಲ್ಲಿ ಕೂತೇ ಉಣ್ಣುತ್ತಿದ್ದ. ಅವಳು ಅವ್ವ ಆಗಿಬಿಟ್ಟರೆ ನಾನು ಬರೀ ಆತ್ಯಾ ಆಗುತ್ತೇನೆ, ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು ಹೋಗುವ ಅಪ್ಪನ ತಂಗಿ. ಅದು ನನಗೆ ಬೇಡವಾಗಿತ್ತು. ಅವಳಿಗೆ ಇದ್ದದ್ದು ಅವನೊಬ್ಬ, ಅವನಲ್ಲೂ ನಾನು ಪಾಲು ಕೇಳಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಗಡಹಿಂಗ್ಲಜದಲ್ಲಿ ಶಾಲೆ ಚಲೋ ಇದೆ ಎಂದು, ಹುಡುಗ ದೊಡ್ಡವನಾದ ಮೇಲೆ ಅವ್ವ ಅವನನ್ನು ನಮ್ಮ ಮನೆಯಲ್ಲೇ ಬಿಟ್ಟಳು. ನಾನು ಬೇಡವೆನ್ನಲಿಲ್ಲ, ಕುಣಿದುಕೊಂಡು ಒಪ್ಪಿದೆ. ವೈನಿ ಆಗಾಗ ಎಸ್‌ಟಿ ಬಸ್ಸಿನಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಬಂದರೂ ಮಗನ ಹತ್ತಿರ ಕೂರದೆ ನನ್ನ ಅಡುಗೆಮನೆಗೆ ನುಗ್ಗಿ ಪಾತ್ರೆ ತಿಕ್ಕುತ್ತಿದ್ದಳು. ಒಮ್ಮೆ ಅವನ ಗೆಳೆಯನೊಬ್ಬ ಮನೆಗೆ ಬಂದಿದ್ದ. "ಇವ್ರು ಯಾರೋ?" ಎಂದ. "ವೈನಿ" ಎಂದ ನಮ್ಮ ಹುಡುಗ. "ಮತ್ತ ನಿನಗ ಅಣ್ಣ ಅದಾನಂತ ಹೇಳಿದ್ದಿಲ್ಲಲ್ಲೋ" ಎಂದು ಆ ಹುಡುಗ ಆಶ್ಚರ್ಯಪಟ್ಟ. ನಮ್ಮವನ ಕಿವಿ ಕೆಂಪಾದವು. ವೈನಿ ಮೂವತ್ತು ಕೂಡ ದಾಟಿರಲಿಲ್ಲ, ನೋಡಿದವರು ನಂಬುವ ಹಾಗೇ ಇದ್ದಳು. ಅವಳು ಚಹಾ ತಂದಿಟ್ಟು, "ಕುಡೀರಪಾ, ಆರಿ ಹೋಗ್ತೈತಿ" ಎಂದು ಒಳಗೆ ಹೋದಳು. ಬಾಗಿಲಲ್ಲೇ ನಿಂತಿದ್ದ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಇವಳು ಇವನ ತಾಯಿ ಎಂದು. ಆಗ ನಾನು ಹದಿನೈದರ ಹುಡುಗಿಯಲ್ಲ, ನನ್ನದೇ ಮಗಳು ಕಂಕುಳಲ್ಲಿದ್ದಳು.

ಅವ್ವ ತೀರಿಕೊಂಡ ಮೇಲಾದರೂ ದಾರಿ ತೆರೆದೀತು ಎಂದುಕೊಂಡಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ವೈನಿಯ ಕಾಲ ಬರಲಿಲ್ಲ. ಹುಡುಗ ದೊಡ್ಡವನಾಗಿ, ಕೊಲ್ಹಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಅಷ್ಟೊತ್ತಿಗೆ ನಾವೂ ಗಡಹಿಂಗ್ಲಜ ಬಿಟ್ಟು ಕೊಲ್ಹಾಪುರಕ್ಕೆ ಬಂದಿದ್ದೆವು. ಒಮ್ಮೆ ನಾನೇ ಬಾಯಿಬಿಟ್ಟು ಹೇಳಿದೆ, ಇನ್ನಾದರೂ ಅವ್ವಾ ಅನ್ನೋ ಎಂದು. ಅವನು, "ಆಗವಲ್ದು ಆತ್ಯಾ. ಅವ್ವಾ ಅಂದ್ರ ಅಜ್ಜೀ ಮಾರಿ ಕಣ್ಣ ಮುಂದ ಬರ್ತೈತಿ" ಎಂದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಹಾಗಂತ ಅವನಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ ಗುಳಿಗೆಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ಅವನೇ ನೋಡಿಕೊಂಡ. ಆ ಒಂದು ಶಬ್ದ ಮಾತ್ರ ಅವನ ಬಾಯಿಗೆ ಬರಲಿಲ್ಲ.

ಹೋದ ವರ್ಷ ಅವಳ ಕಿಡ್ನಿ ಕೈಕೊಟ್ಟಿತು. ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದೆವು. ಅಣ್ಣ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತುಬಿಟ್ಟಿದ್ದ, ಓಡಾಟವೆಲ್ಲ ಹುಡುಗನದೇ. ವಾರ್ಡಿನ ಬಾಗಿಲಲ್ಲಿ ಪೇಶಂಟು ನಿಮಗೇನಾಗಬೇಕು ಎಂದು ನರ್ಸಬಾಯಿ ಅವನನ್ನು ಮರಾಠಿಯಲ್ಲಿ ಕೇಳಿದಳು, "ಪೇಶಂಟ್ ತುಮಚ್ಯಾ ಕೋಣ?" ನಾನು ಅವನ ಹಿಂದೆಯೇ ಇದ್ದೆ. ಅವನು ತಡವರಿಸಲಿಲ್ಲ. "ಆಯಿ" ಎಂದ. "ಮಾಝೀ ಆಯಿ."

ಕನ್ನಡದಲ್ಲಿ ಇಡೀ ಜನ್ಮ ಬಾರದ್ದು ಮರಾಠಿಯಲ್ಲಿ ಎಷ್ಟು ಸಲೀಸಾಗಿ ಬಂತು, ನನ್ನ ತಾಯಿ ಎಂದು! ಅವನು ಔಷಧಿ ತರಲು ಕೆಳಗೆ ಹೋದ. ನಾನು ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಮುಖಕ್ಕೆ ಆಕ್ಸಿಜನ್ ಹಾಕಿದ್ದರು, ವೈನಿ ಕಣ್ಣು ತೆರೆದಿದ್ದಳು. ಹೊರಗಿನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ... ಬಾಗಿ ಅವಳ ಕಿವಿಯಲ್ಲಿ ಹೇಳುವವಳಿದ್ದೆ. ಆಮೇಲೆ ಅನ್ನಿಸಿತು, ಇಷ್ಟು ದೊಡ್ಡ ಮಾತನ್ನು ನಾನು ಯಾಕೆ ಹೇಳಲಿ, ಬಾಯಿ ಬಿಚ್ಚಿದ್ದಾನೆ, ಇನ್ನು ಎದುರಿಗೇ ತಾನೇ ಅನ್ನುತ್ತಾನೆ, ಅವನ ಬಾಯಿಂದಲೇ ಕೇಳಲಿ. ಅವಳ ಕೈ ಸವರಿ, "ಅರಾಮ ಆಗ್ತೀರಿ ತಗೋರಿ ವೈನಿ" ಎಂದಷ್ಟೇ ಹೇಳಿದೆ. ಅವನು ಔಷಧಿ ಹಿಡಿದು ಬಂದವನು, "ವೈನಿ, ನೀರ ಬೇಕೇನು?" ಎಂದು ಕೇಳಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಹೋದ ತಿಂಗಳು ಅವಳ ವರ್ಷದ ಪೂಜೆ ಮುಗಿದ ಮೇಲೆ ಅವನ ಫೋನು ಬಂತು. ಅಳಿಯ, ಮಗಳು ಎಂದು ಅದು ಇದು ಮಾತಾಡಿ ಕೊನೆಗೆ ಕೇಳಿದ, "ಆತ್ಯಾ, ಅವತ್ತ ನಾ ನರ್ಸಗೆ ಅಂದದ್ದು ವೈನಿಗೆ ಕೇಳಿಸಿತ್ತೇನ? ನೀ ಒಳಗ ಹೋಗಿದ್ದ್ಯಲ್ಲಾ..."

ಕೇಳಿಸಿತ್ತು ಎಂದು ಒಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವನ ಜೀವ ತಣ್ಣಗಾಗುತ್ತಿತ್ತು. "ಗೊತ್ತಿಲ್ಲಪಾ" ಎಂದೆ. "ನಾ ಹೇಳಬೇಕಿತ್ತು, ಹೇಳಲಿಲ್ಲ. ನೀನ ಅಂತೀ ಅಂತ ಸುಮ್ಮನಾದೆ."

ಅವನು ಫೋನು ಕಟ್ ಮಾಡಿದ.

ಅದಾದ ಮೇಲೆ ಅವನು ಫೋನು ಮಾಡಿಲ್ಲ. ಅವನ ಮನೆ ಇದೇ ಊರಿನಲ್ಲಿದ್ದರೂ ತಂಗಿಯಂತೆ ಬೆಳೆದ ನನ್ನ ಮಗಳನ್ನು ನೋಡಲು ಬಂದಿಲ್ಲ. ಮಗಳು ದಿನಾ ಕೇಳುತ್ತಾಳೆ, "ಅವ್ವಾ, ಅಣ್ಣಾ ಯಾಕ ಬರವಲ್ಲ? ನೀನರ ಒಂದ್ ಫೋನ್ ಹಚ್ಚಲ್ಲಾ." ಹಚ್ಚಬೇಕು ಎಂದು ನನಗೂ ಗೊತ್ತಿದೆ. ತಪ್ಪಿರುವುದು ನನ್ನ ಕಡೆ, ಮೊದಲು ಮಾತಾಡಬೇಕಾದವಳು ನಾನೇ. "ಸಿಟ್ಟ ಇಳದ ಮ್ಯಾಲೆ ತಾನ ಬರ್ತಾನ ತಗೋ" ಎಂದು ಇವತ್ತು ಬೆಳಿಗ್ಗೆಯೂ ಅವಳಿಗೆ ಹೇಳಿದ್ದೇನೆ.