ಶಂಕ್ರಪ್ಪನವರ ಕಣ್ಣಿಗೆ ಬೀಳದ ಹಳದಿ

ಶಿಗ್ಗಾಂವದ ಶಂಕ್ರಪ್ಪನವರು ಬಣ್ಣದಂಗಡಿ ಇಟ್ಟು ಇಪ್ಪತ್ತೆಂಟು ವರ್ಷ. ಇಷ್ಟು ವರ್ಷಗಳಲ್ಲಿ ಅವರು ಬಣ್ಣವನ್ನು ಹೆಸರು ಹಿಡಿದು ಕರೆದದ್ದು ಅಪರೂಪ. ಆಕಾಶವೆಂದರೆ ಬಣ್ಣದ ಮಾದರಿಗಳಿರುವ ಶೇಡ್ ಕಾರ್ಡಿನ ನಾಲ್ಕುನೂರಾ ಹನ್ನೆರಡನೇ ನಂಬರು. ಹೆಂಡತಿ ಶಾರವ್ವ ಸಾರು ಬಡಿಸಿದರೂ ರುಚಿ ನೋಡುವ ಮೊದಲು ನಂಬರು ಹೇಳುತ್ತಿದ್ದರು. ದುಂಡಸಿಯಿಂದ ಹಾನಗಲ್ಲಿನವರೆಗೆ ಯಾರೇ ಹಳೆ ಗೋಡೆಯ ಚೆಕ್ಕೆ ತರಲಿ, ಕಣ್ಣಳತೆಯಲ್ಲೇ ಅದೇ ಬಣ್ಣ ಕಲಸಿ ಕೊಡುತ್ತಿದ್ದರು. "ಮಷೀನ್ ತಪ್ಪಬಹುದು, ಈ ಕಣ್ಣ ತಪ್ಪಂಗಿಲ್ಲ" ಎಂಬುದು ಗಿರಾಕಿಗಳಿಗೆ ಚಹಾದ ಜೊತೆ ಸಿಗುತ್ತಿದ್ದ ಮಾತು.

ಆ ಕಣ್ಣಿಗೆ ಸಂಚಕಾರ ಬಂದದ್ದು ಮಗಳು ತನುಜಾಳಿಂದ. ಧಾರವಾಡದ ಹಾಸ್ಟೆಲಿನವರು ಇಟ್ಟುಕೊಳ್ಳಗೊಡದ ಗಂಟಲ ಕೆಳಗೆ ಗಡ್ಡದಂತೆ ಮುಳ್ಳುಚರ್ಮವಿರುವ ಪರದೇಶದ ಓತಿಕ್ಯಾತವೊಂದನ್ನು ಗಾಜಿನ ಪೆಟ್ಟಿಗೆ, ಬಿಸಿ ಬಲ್ಬಿನ ಸಮೇತ ತಂದು ಪಡಸಾಲೆಯಲ್ಲಿಟ್ಟಳು.

"ಅಪ್ಪಾ, ಥಂಡಿ ಇದ್ದಾಗ ಇದರ ಮೈ ಕಪ್ಪ ಇರತೈತಿ. ಬಲ್ಬಿನ ಬಿಸಿ ತಾಗಿದ ಮ್ಯಾಲ ಹಳದಿ ಆಗತೈತಿ. ಮತ್ತ..."

"ಬಣ್ಣದ ಪಾಠ ನನಗ ಹೇಳ್ತೀ ಏನವಾ?"

ಮಾತು ಅಲ್ಲಿಗೇ ನಿಂತಿತು. ತನುಜಾ ಬಸ್ಸು ಹತ್ತಿದಳು.

ಮರುದಿನದಿಂದ ಶಂಕ್ರಪ್ಪನವರು ಗಂಟೆಗೊಮ್ಮೆ ಅಂಗಡಿಯಿಂದ ಎದ್ದು ಹಿಂದಿನ ಮನೆಗೆ ಬಂದು, ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಚ್ಚಿ, ಪೆಟ್ಟಿಗೆಯ ಮೇಲೆ ಬಗ್ಗಿ ನಂಬರು ಹುಡುಕತೊಡಗಿದರು. ಎಷ್ಟು ಸಲ ನೋಡಿದರೂ ಗಡ್ಡ ಇದ್ದಲಿ, ಮೈ ಕೆಸರು.

"ಎಲ್ಲಿ ಹಳದಿ? ಹುಡುಗಿಗೆ ಯಾರೋ ಟೊಪಿಗಿ ಹಾಕ್ಯಾರ."

"ಮುಂಜಾನಿಂದ ಚೆಂಡಹೂವಿನಂಗ ಐತಲ್ರಿ," ಎಂದಳು ಶಾರವ್ವ, ಅಡುಗೆಮನೆಯಿಂದಲೇ.

"ನಿನಗ ಬಣ್ಣ ಏನ ತಿಳೀತೈತಿ?"

ಶುಕ್ರವಾರ ಸವಣೂರಿನ ಮಕ್ತುಮಸಾಬರು ಬಂದರು. ಎರಡು ಅಂತಸ್ತಿನ ಹೊಸ ಮನೆ. ವರ್ಷದಲ್ಲೇ ದೊಡ್ಡ ಆರ್ಡರು. ಶಂಕ್ರಪ್ಪನವರು ಅಂಗಡಿಯಿಂದ ಬರುವಷ್ಟರಲ್ಲಿ ಅವರು ಪಡಸಾಲೆಯಲ್ಲಿ ಕೂತು ಓತಿಕ್ಯಾತಕ್ಕೆ ಮರುಳಾಗಿದ್ದರು.

"ಸಾವ್ಕಾರ್ರ, ನಮ್ಮ ಮನಿಗೆ ಇದರ ಬಣ್ಣಾನ ಬೇಕ ನೋಡ್ರಿ!" ಎಂದು ಬಾಗಿಲತ್ತ ತಿರುಗಿ ಕೂಗಿದರು.

ಶಂಕ್ರಪ್ಪನವರು ಕಾರ್ಡು ಬಿಚ್ಚಿ ಬಗ್ಗಿದರು. "ಮನಿಗೆ ಯಾರರ ಕರೀ ಬಣ್ಣ ಹಚ್ಚತಾರೇನ್ರಿ ಸಾಹೇಬ್ರ?"

ಮಕ್ತುಮಸಾಬರು ಓತಿಕ್ಯಾತದತ್ತ ತಿರುಗಲೇ ಇಲ್ಲ. ಶಂಕ್ರಪ್ಪನವರ ಕಣ್ಣುಗಳನ್ನೇ ಕನಿಕರದಿಂದ ನೋಡಿದರು. "ಅವಸರ ಇಲ್ರಿ, ಸೋಮವಾರ ಬರ್ತೇನಿ," ಎಂದು ಎದ್ದರು.

ಸಂಜೆಯೊಳಗೆ ಪೇಂಟರ್ ನೀಲಪ್ಪ ಓಡಿಬಂದ. "ಸಾವ್ಕಾರ್ರ, ಕಣ್ಣಿಗೆ ಪರೆ ಬಂದೈತಂತಲ್ರಿ? ಹಿರೇಕೆರೂರಾಗ ನಮ್ಮ ಕಾಕಾಗ ಹಿಂಗ ಆಗಿತ್ತ. ಮನ್ಯಾಗ ಹಸರ ಎಮ್ಮಿ ಕಟ್ಟೇನಿ ಅಂತಿದ್ದ."

ಶನಿವಾರ ಒಬ್ಬ ಗಿರಾಕಿಯೂ ಚೆಕ್ಕೆ ತೋರಿಸಲಿಲ್ಲ. ಕಣ್ಣಿನ ಡಾಕ್ಟರು ದೃಷ್ಟಿ ಚೊಲೊ ಇದೆ ಎಂದರು; ಊರು ನಂಬಲಿಲ್ಲ. ಇಪ್ಪತ್ತೆಂಟು ವರ್ಷದ ಹೆಸರು ಒಂದು ಓತಿಕ್ಯಾತದ ಗಡ್ಡಕ್ಕೆ ಸಿಕ್ಕಿಕೊಂಡಿತ್ತು.

ರವಿವಾರ ಶಾರವ್ವ ಗಂಡನನ್ನು ಅಡುಗೆಮನೆಯ ಪರದೆಯ ಹಿಂದೆ ನಿಲ್ಲಿಸಿದಳು. "ಕೆಮ್ಮಬ್ಯಾಡ್ರಿ. ಸುಮ್ಮನ ಸಂದಿಯಾಗ ನೋಡ್ರಿ."

ಅಪ್ಪಟ ಹಳದಿ! ನೂರಾ ಹದಿನೇಳು! ಶಂಕ್ರಪ್ಪನವರು ಸಂತೋಷ ತಡೆಯಲಾರದೆ ಕಾರ್ಡು ಹಿಡಿದು ನುಗ್ಗಿದರು, ಬಗ್ಗಿದರು. ಗಡ್ಡ ಉಬ್ಬಿತು, ಕಣ್ಣೆದುರೇ ಕಪ್ಪಾಯಿತು.

ಫೋನಿನಲ್ಲಿ ತನುಜಾ ಬಿದ್ದು ಬಿದ್ದು ನಕ್ಕಳು. "ಇದನ್ನ ಹೇಳಾಕತ್ತಿದ್ದೆ ಅಪ್ಪಾ! ಮ್ಯಾಲಿಂದ ಬಗ್ಗಿದ್ರ ಹದ್ದು ಬಂತಂತ ಅಂಜತೈತಿ. ಅಂಜಿದ್ರ ಗಡ್ಡ ಕಪ್ಪಾಗತೈತಿ, ಮೈಯೂ ಮಂಕಾಗತೈತಿ."

ಬೇರೆಯವರಾಗಿದ್ದರೆ ಈ ಸಂಗತಿಯನ್ನು ಮನೆಯೊಳಗೇ ಮುಚ್ಚಿಡುತ್ತಿದ್ದರು. ಶಂಕ್ರಪ್ಪನವರು ಓಣಿಗೆಲ್ಲ ಹೇಳಿ ಕಳಿಸಿದರು. ಸೋಮವಾರ ಮಕ್ತುಮಸಾಬರು, ನೀಲಪ್ಪ, ಹತ್ತಾರು ಗಿರಾಕಿಗಳು ಶಾರವ್ವನ ಅಪ್ಪಣೆಯಂತೆ ದೂರದ ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ಕೂತರು. ಶಂಕ್ರಪ್ಪನವರು ಹೊರಗೆ ಹೋದರು: ಸ್ವಲ್ಪ ಹೊತ್ತಿಗೆ ಹಳದಿ. ಒಳಗೆ ಬಂದು ಬಗ್ಗಿದರು: ಕಪ್ಪು. ಮೂರು ಸಲ ಹೋದರು, ಮೂರು ಸಲ ಬಂದರು.

"ನೋಡ್ರಿ! ಇಷ್ಟ ಮಂದಿಯೊಳಗ ಅದು ಅಂಜೂದು ನನಗೊಬ್ಬಗ!" ಎಂದು ಎದೆ ತಟ್ಟಿಕೊಂಡರು. "ಈಗ ಹೇಳ್ರಿ, ನನ್ನ ಕಣ್ಣ ಸರಿ ಅದಾವೋ ಇಲ್ಲೋ?"

"ಕಣ್ಣಿನ ಬಗ್ಗೆ ಮಾತ ಇಲ್ರಿ ಸಾವ್ಕಾರ್ರ," ಎಂದರು ಮಕ್ತುಮಸಾಬರು ಎದ್ದು ನಿಂತು. "ಆರ್ಡರ್ ನಿಮಗ. ಆದ್ರ ಬಣ್ಣ ನೀಲಪ್ಪನ ಕೈಯಾಗ ಕಳಸ್ರಿ. ಮನ್ಯಾಗ ಸಣ್ಣ ಮಕ್ಕಳ ಅದಾವ, ನೀವು ಬರೂದು ಬ್ಯಾಡ."