ಎಮ್ಮೆ ಕೊಟ್ಟಿಗೆಯಲ್ಲಿ ಸಿಕ್ಕ ಳಕಾರ

ನನ್ನ ಮಗಳಿಗೆ ಆರು ತುಂಬಿದರೂ ಬಾಯಲ್ಲಿ ಳ ಹೊರಳುತ್ತಿರಲಿಲ್ಲ. ಬೆಳಗ್ಗೆ ಅವಳಿಗೆ ಬೆಲಗ್ಗೆ, ಬಾಳೆಹಣ್ಣು ಬಾಲೆಹನ್ನು. ಆಗ ನಾವು ದೆಹಲಿಯ ದ್ವಾರಕಾದ ಒಂದು ಸೊಸೈಟಿಯ ನಾಲ್ಕನೆಯ ಮಹಡಿಯಲ್ಲಿದ್ದೆವು; ಮೆಟ್ರೋ ಬಂದು ಹೆಚ್ಚು ದಿನವಾಗಿರಲಿಲ್ಲ. ಮನೆಯೊಳಗೆ ಕನ್ನಡ, ಬಾಗಿಲು ತೆಗೆದರೆ ಹಿಂದಿ. ಹೆಂಡತಿ ಇದನ್ನು ದೊಡ್ಡ ವಿಷಯ ಮಾಡಲಿಲ್ಲ. ನಾನು ಮಾಡಿದೆ. ಮೈಸೂರಿನಲ್ಲಿ ಮೇಷ್ಟರ ಮಗನಾಗಿ ಬೆಳೆದವನು ನಾನು. ಉಚ್ಚಾರ ತಪ್ಪಿದರೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ.

ಆಫೀಸಿನಿಂದ ಬಂದವನೇ ಅವಳನ್ನು ಕನ್ನಡಿಯ ಮುಂದೆ ಕೂರಿಸುತ್ತಿದ್ದೆ. ನಾಲಿಗೆ ಮೇಲಕ್ಕೆ ಮಡಿಸು, ತುದಿಯನ್ನು ಅಂಗುಳಕ್ಕೆ ತಾಗಿಸು, ಈಗ ಬಿಡು. ಅವಳು ಮಡಿಸುತ್ತಿದ್ದಳು, ತಾಗಿಸುತ್ತಿದ್ದಳು, ಬಿಟ್ಟಾಗ ಮಾತ್ರ ಅದೇ ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು. ಮೂರನೆಯ ಸಲಕ್ಕೆ ಗದರುತ್ತಿದ್ದೆ.

"ಮಗುಗೆ ನಾಲಿಗೆ ಇರೋದು ಮಾತಾಡೋಕೆ ರೀ, ಕಸರತ್ತು ಮಾಡ್ಸೋಕಲ್ಲ" ಎಂದಳು ಹೆಂಡತಿ. ಕೇಳಲಿಲ್ಲ. ಒಂದು ದಿನ, ಸರಿಯಾಗಿ ಹೇಳುವವರೆಗೂ ಊಟವಿಲ್ಲ ಅಂದುಬಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಗಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಕನ್ನಡ ಮಾತಾಡುವುದನ್ನೇ ನಿಲ್ಲಿಸಿದಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಭಾನುವಾರ ನನ್ನಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ಬರೀ ಹೂಂ, ಉಹೂಂ. "ಕೂಸಿಗೆ ನನ್ನ ಮೇಲೆ ಸಿಟ್ಟೇನೋ?" ಎಂದು ಅಮ್ಮ ಕೇಳಿದಳು. ಒಂದು ಅಕ್ಷರ ತಿದ್ದಲು ಹೋಗಿ ಇಡೀ ಭಾಷೆಯನ್ನೇ ಮಗುವಿನ ಬಾಯಿಂದ ಓಡಿಸಿದ್ದೆ.

ಹಾಲಿಗೆ ಮಾತ್ರ ನನ್ನ ಜೊತೆ ತಪ್ಪದೆ ಬರುತ್ತಿದ್ದಳು. ಸೊಸೈಟಿಯ ಹಿಂಗೋಡೆಯಾಚೆ ಹಳೆಯ ಹಳ್ಳಿಯೊಂದಿತ್ತು. ಅದರ ಜಮೀನಿನ ಮೇಲೆಯೇ ನಮ್ಮ ಕಟ್ಟಡಗಳೆಲ್ಲ ಎದ್ದಿದ್ದವು. ಉಳಿದದ್ದು ಕೆಲವು ಮನೆ, ಕೆಲವು ಕೊಟ್ಟಿಗೆ. ಅಂಥದ್ದೊಂದು ಕೊಟ್ಟಿಗೆಯ ಯಜಮಾನಿ ಮುದುಕಿಯನ್ನು ಎಲ್ಲರೂ ತಾಈ ಅನ್ನುತ್ತಿದ್ದರು, ಅವರ ಹರಿಯಾಣವೀ ಮಾತಿನಲ್ಲಿ ದೊಡ್ಡಮ್ಮ ಎಂದರ್ಥ. ನಾವು ಕ್ಯಾನ್ ಹಿಡಿದು ನಿಂತರೆ ಎದುರಿಗೇ ಕರೆದು ಕೊಡುತ್ತಿದ್ದಳು. ನಾನು ಗಡಿಯಾರ ನೋಡಿಕೊಂಡರೆ ನಗುತ್ತಿದ್ದಳು. ಅವಸರಿಸಿದರೆ, ಗದರಿದರೆ ಎಮ್ಮೆ ಹಾಲನ್ನು ಮೇಲಕ್ಕೆಳೆದುಕೊಳ್ಳುತ್ತದಂತೆ. ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಕೂತು ಅದರೊಡನೆ ಏನೇನೋ ಮಾತಾಡುತ್ತಿದ್ದಳು. ನನ್ನ ಮಗಳೊಡನೆಯೂ ಅದೇ ದನಿ. ಮಗು ಏನು ತಪ್ಪು ನುಡಿದರೂ ತಿದ್ದುತ್ತಿರಲಿಲ್ಲ, ಉತ್ತರ ಕೊಡುತ್ತಿದ್ದಳು. ಆ ತಾಳ್ಮೆ ನನ್ನ ವಂಶದಲ್ಲೇ ಇಲ್ಲ.

ಮಗಳು ಅಲ್ಲಿಯ ಮಾತನ್ನು ಮನೆಗೆ ತರತೊಡಗಿದಳು. ಒಂದು ದಿನ ಊಟಕ್ಕೆ ಕೂತು, "ಮೇರೀ ಥಾಳೀ ಕಹಾಂ ಹೈ?" ಎಂದಳು, ನನ್ನ ತಟ್ಟೆ ಎಲ್ಲಿ ಎಂದು. ನಾನು ಎಗರಿಬಿದ್ದೆ. "ಥಾಳೀ ಅಲ್ಲ, ಥಾಲೀ. ಆ ಹಳ್ಳಿ ಹಿಂದಿ ಮನೇಲಿ ಬೇಡ, ಸ್ಕೂಲಲ್ಲಿ ಎಲ್ಲ ನಗ್ತಾರೆ." ಅವಳು ತಟ್ಟೆ ಎಳೆದುಕೊಂಡಳು.

ಜನವರಿಯಲ್ಲಿ ಸಂಕ್ರಾಂತಿ ಬಂತು. ಎಳ್ಳು ಬೀರುವ ಪದ್ಧತಿಯನ್ನು ನಾವು ದೆಹಲಿಯಲ್ಲೂ ಬಿಟ್ಟಿರಲಿಲ್ಲ. ಹೆಂಡತಿ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಕಡಲೇಬೀಜ, ಹುರಿಗಡಲೆ ಬೆರೆಸಿದ್ದಳು. ಅಮ್ಮ ಕಳಿಸಿದ ಸಕ್ಕರೆ ಅಚ್ಚುಗಳಲ್ಲಿ ಅರ್ಧ ದಾರಿಯಲ್ಲೇ ಮುರಿದಿದ್ದವು. ರೇಷ್ಮೆ ಲಂಗ, ಮೇಲೆ ಸ್ವೆಟರು, ತಲೆಗೆ ಮಂಕಿ ಕ್ಯಾಪು. ಆ ವೇಷದಲ್ಲಿ ಮಗಳು ತಟ್ಟೆ ಹಿಡಿದು ನನ್ನ ಜೊತೆ ಹೊರಟಳು. ನಮ್ಮದು ಬಿಟ್ಟರೆ ಸೊಸೈಟಿಯಲ್ಲಿದ್ದದ್ದು ಎರಡೇ ಕನ್ನಡದ ಮನೆ. ಎಳ್ಳು ಕೊಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನಬೇಕು. ಮೊದಲ ಮನೆಯಲ್ಲಿ ತಟ್ಟೆ ಚಾಚಿ ನನ್ನ ಮುಖ ನೋಡಿದಳು, ಬಾಯಿ ತೆರೆಯಲಿಲ್ಲ. ಎರಡನೆಯ ಮನೆಯಲ್ಲಿ ನಾನು "ಹೇಳು" ಎಂದು ಪಿಸುಗುಟ್ಟಿದಾಗ ಅವಳ ಕಣ್ಣು ತುಂಬಿಕೊಂಡಿತು. ಆ ಮನೆಯಾಕೆ ಅವಸರದಿಂದ, "ಪರವಾಗಿಲ್ಲ ಬಿಡಿ, ಪಾಪ" ಅಂದರು. ಆ ಪಾಪ ಎಂಬ ಮಾತು ನನಗೆ ನಾಟಿತು.

ಸಂಜೆ ಹಾಲಿಗೆ ಹೊರಟಾಗ ಹೆಂಡತಿ ತಾಈಗೂ ಒಂದು ಪೊಟ್ಟಣ ಕೊಟ್ಟಳು. ಮಗಳು ಓಡಿಹೋದಳು. ನಾನು ಹೊರಗಿನ ನಲ್ಲಿಯಲ್ಲಿ ಕ್ಯಾನ್ ತೊಳೆಯುತ್ತಿದ್ದೆ. ಗೋಡೆಯಾಚೆಯಿಂದ ಕೇಳಿಸಿತು:

"ತಾಈ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."

ಒಂದೊಂದು ಳ ಕೂಡ ಕೆತ್ತಿ ಇಟ್ಟ ಹಾಗಿತ್ತು. ಬೇರೆ ಯಾವುದೋ ಕನ್ನಡದ ಮಗು ಬಂದಿದೆಯೇನೋ ಅಂದುಕೊಂಡೆ. ಒಳಗೆ ಹೋದರೆ ಇವಳೇ. "ಕೇ ಕಹವೈ ಸೈ, ಬಾವಳೀ?" ಎಂದು ಮುದುಕಿ ನಗುತ್ತಿದ್ದಳು, ಏನಂತೀಯೇ ಹುಚ್ಚಿ ಎಂದು. ಹಿಂದೆಯೇ ಎಮ್ಮೆಗೆ, "ಏ ಕಾಳೀ, ಪರೇ ಹಟ್!" ಎಂದು ಆಚೆ ಸರಿಯಲು ಗದರಿದ ಹಾಗೆ ಮಾಡಿದಳು. ಬಾವಳೀ. ಕಾಳೀ. ಎರಡು ವರ್ಷದಿಂದ ದಿನಾ ನನ್ನ ಕಿವಿಗೆ ಬೀಳುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಳ ನಮ್ಮ ಊರಿನದು, ಈ ಊರಿಗೆ ಅದು ಗೊತ್ತೇ ಇಲ್ಲ ಎಂದು ಕರೋಲ್ ಬಾಗ್‌ನ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಭಾಷಣ ಬಿಗಿದಿದ್ದೆನೋ!

"ಯಾರು ಪುಟ್ಟಾ ಹೇಳ್ಕೊಟ್ಟಿದ್ದು?" ಎಂದೆ.

"ಕೋಯೀ ನಹೀಂ. ತಾಈ ಕಾಳೀ ಅಂತಾಳಲ್ಲ, ವೈಸೇ." ಯಾರೂ ಇಲ್ಲ, ತಾಈ ಅನ್ನುವ ಹಾಗೇ ಎಂದು.

"ಮತ್ತೆ ಮನೇಲಿ ಯಾಕೆ ಹೇಳಲ್ಲ?"

ಅವಳು ಲಂಗದ ಅಂಚನ್ನೇ ನೋಡುತ್ತಾ ಅಂದಳು: "ಥಾಳೀ ಅಂದಿದ್ದಕ್ಕೆ ಬೈದೆಯಲ್ಲ ನೀನು. ವೋ ಆವಾಜ್ ಮನೇಲಿ ಬೇಡ ಅಂದೆ."

ನಾನು ತಿಂಗಳುಗಟ್ಟಲೆ ಕನ್ನಡಿ ಹಿಡಿದು ಹುಡುಕಿದ್ದ ಆ ಸದ್ದನ್ನು ಅವಳು ತಾನಾಗಿಯೇ ಕಂಡುಕೊಂಡು, ಊಟದ ತಟ್ಟೆಯ ಮುಂದೆ ತಂದಿಟ್ಟಿದ್ದಳು. ನಾನು ಬೈದು ಹಿಂದಕ್ಕೆ ಕಳಿಸಿದ್ದೆ. ಅಷ್ಟಾದರೂ ಅವಳು ಅದನ್ನು ಬಿಡಲಿಲ್ಲ. ಬೈಗುಳವಿಲ್ಲದ ಜಾಗದಲ್ಲಿ, ಎಮ್ಮೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಆರು ವರ್ಷದ ಮಗುವಿನ ಆ ಛಲದ ಮುಂದೆ ನನ್ನ ಮೇಷ್ಟರಿಕೆ ಯಾವ ಲೆಕ್ಕ?

ತಾಈ ಪೊಟ್ಟಣದಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮಗಳ ಕೈಗಿತ್ತು, ನನ್ನತ್ತ ಕಣ್ಣು ತೋರಿಸಿದಳು. ಮಗಳು ನನ್ನ ಅಂಗೈಗೆ ಎಳ್ಳು ಸುರಿದಳು. ಆಮೇಲೆ ಮೆಲ್ಲಗೆ, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು, ಅಪ್ಪಾ" ಎಂದಳು.

ಹಿಂದಿರುಗುವ ದಾರಿಯುದ್ದಕ್ಕೂ ಅವಳು ಮಾತಾಡಿದಳು, ಕನ್ನಡದಲ್ಲೇ. ಕರುವಿನ ಬಗ್ಗೆ, ಮುರಿದ ಸಕ್ಕರೆ ಗಿಳಿಯ ಬಗ್ಗೆ, ನಾಳೆ ಡಬ್ಬಿಗೆ ಬಾಳೆಹನ್ನು ಬೇಕು ಎಂಬ ಬಗ್ಗೆ. ಹಣ್ಣು ಇನ್ನೂ ಹನ್ನೇ ಆಗಿತ್ತು. ನಾನು ತಿದ್ದಲಿಲ್ಲ. ಬಾಯಿ ತುಂಬ ಎಳ್ಳಿತ್ತು.