ಹಳೆಯ ರಿವಾಲ್ವರಿಗೆ ಮೆತ್ತನೆಯ ಗುಂಡು

ಬೆಳಕು ಹರಿಯುವ ಮುಂಚೆಯೇ ಶೂಟಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಮಾವ-ಸೊಸೆಯ ಜಗಳ ಶುರುವಾಗಿದೆ. ಮೇಜಿನ ಮೇಲೆ ಮಾವನ ಹಳೆಯ ರಿವಾಲ್ವರ್. ಸೊಸೆಯ ಏಪ್ರನ್ ಜೇಬಿನಲ್ಲಿ ಮಾವ ಆಸೆಪಟ್ಟು ತಂದ ತಾಮ್ರ ಕವಚದ ಗುಂಡುಗಳ ಡಬ್ಬಿ. ಇವತ್ತು ಹಳೆಯ ರಿವಾಲ್ವರುಗಳ ಪಂದ್ಯ. ವರದಿಗೆಂದು ಬಂದ ನನಗಂತೂ ಕಾಫಿ ಇಲ್ಲದೆಯೇ ನಿದ್ದೆ ಹಾರಿಹೋಗಿದೆ!

"ಕೊಡಮ್ಮಾ ಅದನ್ನ. ನಿನ್ನೆ ಸೀಸದ ಗುಂಡು ಒಂದೂ ನೆಟ್ಟಗೆ ಹೋಗ್ಲಿಲ್ಲ. ನಳಿಗೆ ಒಳಗೆಲ್ಲಾ ಸೀಸ ಮೆತ್ಕೊಂಡಿದೆ. ಇದನ್ನ ಒಂದು ಹೊಡೆದ್ರೆ ಎಲ್ಲಾ ಕೆರ್ಕೊಂಡು ಹೋಗತ್ತೆ."

"ಮಾವಾ, ಸೀಸದ ಜೊತೆ ನಳಿಗೆನೂ ಹೋಗತ್ತೆ."

ಕ್ಲಬ್ಬಿನವರ ಬಾಯಲ್ಲಿ ಈ ಸೊಸೆ 'ಸೀಸದಕ್ಕ'. ಕಸ ಗುಡಿಸಲು ಬಂದವರು, ಬಂದೂಕು ರಿಪೇರಿಯ ಹಿರಿಯರೊಬ್ಬರ ಬೆನ್ನು ಬಿದ್ದು ಕೆಲಸ ಕಲಿತು, ಈಗ ಅವರ ಕುರ್ಚಿಯಲ್ಲೇ ಕೂತಿದ್ದಾರೆ. ಗೆದ್ದವರ ಫೋಟೊಗಳಲ್ಲಿ ಇವರು ಎಲ್ಲೂ ಇಲ್ಲ. ಸೀಸ ವಿಷ, ಪುಟ್ಟ ಮಗಳು ಎತ್ತಿಕೋ ಅಂತ ರಚ್ಚೆ ಹಿಡಿದರೂ ಮೊದಲು ಸೋಪು, ಆಮೇಲೆ ಮಗಳು.

ಹಳೆಯ ನಳಿಗೆಯ ಉಕ್ಕು ಮೆತ್ತಗೆ, ತಾಮ್ರದ ಕವಚ ಗಟ್ಟಿ. ಸೀಸ ಕಟ್ಟಿಕೊಂಡಿರುವ ದಾರಿಯಲ್ಲಿ ಗಟ್ಟಿ ಗುಂಡು ನುಗ್ಗಿದರೆ ಒತ್ತಡ ಏರಿ ನಳಿಗೆ ಸೀಳಬಹುದು, ಹಿಡಿದವರ ಕೈಗೇ ಸಂಚಕಾರ. "ಹಾಗಾದ್ರೆ ಸೀಸಾನೇ ಒಳ್ಳೇದಾ?" ಎನ್ನುತ್ತೇನೆ.

"ಎಲ್ಲದಕ್ಕೂ ಅಲ್ಲ. ಹೊಸ ರಿವಾಲ್ವರಿಗೆ ಕವಚದ್ದೇ ಹಾಕಿ, ನಾನ್ಯಾಕೆ ಬೇಡ ಅನ್ಲಿ? ಇದು ಸೀಸಕ್ಕೇ ಅಂತ ಮಾಡಿದ್ದು. ಆದ್ರೆ ಸೀಸಾನ ಜೋರಾಗಿ ಓಡಿಸಿದ್ರೆ ಒಳಗೆ ಅಂಟ್ಕೊಳತ್ತೆ. ನಿನ್ನೆ ಮಾವ ಎಲ್ಲಿಂದಲೋ ಮದ್ದು ಜಾಸ್ತಿ ಇರೋ ಜೋರಿನ ಸೀಸದ ಗುಂಡು ತಂದು ಹೊಡೆದಿದಾರೆ. ಅದಕ್ಕೇ ಈ ಪಾಡು."

ಮಾವ ಮುಖ ಊದಿಸಿಕೊಂಡು ಗೋಡೆ ನೋಡುತ್ತಾರೆ. ಅದು ಅವರ ತಂದೆಯ ರಿವಾಲ್ವರ್. ಅದನ್ನು ಹಿಡಿದು ಒಮ್ಮೆಯಾದರೂ ಪಂದ್ಯಕ್ಕೆ ನಿಲ್ಲಬೇಕೆಂಬುದು ಬಹುದಿನದ ಆಸೆ. ಅಕ್ಕ ಹಿತ್ತಾಳೆ ಬ್ರಷ್ಷು ತೂರಿಸಿ ಉಜ್ಜುತ್ತಾರೆ, ಬಟ್ಟೆ ಎಳೆಯುತ್ತಾರೆ, ಟಾರ್ಚ್ ಬಿಟ್ಟು ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಬೂದು ಚೂರುಗಳು ಉದುರುತ್ತವೆ. ಹೊರಗೆ ಮೈಕು ಗುಡುಗುತ್ತದೆ.

"ಕರೀತಿದಾರೆ ಕಣಮ್ಮಾ!" ಮಾವ ಬಾಗಿಲಲ್ಲಿ ಕುಣಿಯುತ್ತಾರೆ.

"ಕರೀಲಿ."

ಕೊನೆಗೂ ಬಟ್ಟೆ ಬೆಳ್ಳಗೆ ಹೊರಬರುತ್ತದೆ. ಕಡಿಮೆ ಜೋರಿನ ಸೀಸದ ಗುಂಡುಗಳನ್ನು ಅಕ್ಕ ಕೈಗಿಡುತ್ತಾರೆ. ಮಾವ ಓಡುತ್ತಾರೆ, ಹಿಂದೆಯೇ ನಾನು.

ಮೊದಲ ಗುಂಡು ಗುರಿಯ ನಡುವಿಗೆ! ಎರಡನೆಯದು ಅದರ ಮಗ್ಗುಲಿಗೇ! ವರದಿಗಾರ್ತಿ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟುತ್ತೇನೆ. ಮಾವನಿಗೆ ಎರಡನೇ ಬಹುಮಾನ. ಜನ ಸುತ್ತುವರಿದು ಅವರ ಕಣ್ಣನ್ನು ಹೊಗಳಿದ್ದೇ ಹೊಗಳಿದ್ದು.

"ನಿಮ್ಮ ಮಾತು ಯಾರೂ ಎತ್ಲೇ ಇಲ್ವಲ್ಲಾ ಅಕ್ಕಾ?" ಕೆಣಕುತ್ತೇನೆ.

"ಗುರಿ ಅವರ್ದು, ಬಹುಮಾನಾನೂ ಅವರ್ದೇ." ದೂರದಲ್ಲಿ ಮಾವ ನಮ್ಮತ್ತ ಕೈ ಬೀಸುತ್ತಾರೆ. ಅಕ್ಕ ಕಣ್ಣಲ್ಲೇ ಎಣಿಸುತ್ತಾರೆ. "ನೋಡಿ, ಐದು ಬೆರಳೂ ಇವೆ. ಅದು ನಂದು."